ಕೌದಿ, ಪರಸಿ ಮತ್ತು ನಡುರಾತ್ರಿಯ ಗಂಟೆ

ಕಲಬುರಗಿ ಸೀಮೆಯ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹಳೆಯ ಮನೆಗಳಲ್ಲಿ ಹಾಸಿಗೆ ಎಂದರೆ ಕೌದಿ. ಉಟ್ಟು ಸವೆದ ಸೀರೆ, ಧೋತರ, ಹರಿದ ಅಂಗಿ ಎಲ್ಲವನ್ನೂ ಪದರದ ಮೇಲೆ ಪದರ ಹರವಿ, ಒತ್ತೊತ್ತಾಗಿ ದಾರ ಓಡಿಸಿ ಹೊಲಿದ ಕೌದಿಯನ್ನು ಚಳಿಗೆ ಹೊದೆಯುತ್ತಾರೆ, ಬ್ಯಾಸಿಗೆಗೆ ಹಾಸುತ್ತಾರೆ. ಮನೆಯ ಹಿರಿಯ ಹೆಂಗಸರು ಕೆಲಸ ಮುಗಿದ ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಹೊಲಿಯುತ್ತಿದ್ದರು. ಊರೂರು ತಿರುಗಿ ಹೊಲಿದುಕೊಡುವ ಹೆಣ್ಣುಮಕ್ಕಳೂ ಇದ್ದರು. ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೊರಟಾಗ ತೊಟ್ಟಿಲು, ಕುಂಚಗಿಯ ಜೊತೆಗೆ ಕೂಸಿನ ಸಣ್ಣ ಕೌದಿಯೂ ತವರಿನಿಂದ ಹೋಗುತ್ತಿತ್ತು.

ಒಣಗಿದ ಕೌದಿಯನ್ನು ಹುಡುಗಿಯೊಬ್ಬಳು ಹೆಗಲ ಮೇಲೆ ಹಾಕಿಕೊಂಡು ಹೋಗಬಹುದು. ಪದರಗಳೆಲ್ಲ ನೀರು ಕುಡಿದ ಮೇಲೆ ಇಬ್ಬರು ಎರಡು ತುದಿ ಹಿಡಿದು ಹಿಂಡಬೇಕು. ಮಳೆಗಾಲದಲ್ಲಿ ಎರಡು ದಿನ ಕಳೆದರೂ ಒಳಪದರ ಹಸಿಯಾಗಿಯೇ ಉಳಿಯುತ್ತದೆ. ಕಾಗಿಣಾ ದಂಡೆಯ ಊರುಗಳಲ್ಲಿ, ಮುಲ್ಲಾಮಾರಿಯ ಮಗ್ಗುಲಲ್ಲಿ, ಕೌದಿ ಒಗೆಯುವುದೆಂದರೆ ಇಡೀ ದಿನದ ಕೆಲಸ. ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುವ ಮಗುವಿನ ಚರಿತ್ರೆಯನ್ನು ಈ ಸೀಮೆಯಲ್ಲಿ ಬರೆಯುವವರು ಮೊದಲು ನೆನೆಯಬೇಕಾದದ್ದು ಆ ಕೌದಿ ಒಗೆದ ತಾಯಂದಿರ ರಟ್ಟೆಗಳನ್ನು.

ನೆಲವೂ ಈ ಕಥೆಯಲ್ಲಿ ಪಾಲುದಾರ. ಭೀಮಾ ಕೊಳ್ಳದ ಸುಣ್ಣದ ಕಲ್ಲು ಶಹಾಬಾದ್ ಸುತ್ತಮುತ್ತ ಹಲಗೆ ಹಲಗೆಯಾಗಿ ಏಳುತ್ತದೆ. ಅದಕ್ಕೇ ಇಲ್ಲಿನ ಬಡವರ ಮನೆಗೂ ಕಲ್ಲಿನ ಹಾಸು, ಕಲ್ಲಿನ ಗೋಡೆ, ಎಷ್ಟೋ ಕಡೆ ಕಲ್ಲಿನದೇ ಮಾಳಿಗೆ. 1871ರಲ್ಲಿ ಮುಂಬೈ ಕಡೆಯ ಹಳಿ ಮತ್ತು ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಹಾದು ಸಿಕಂದರಾಬಾದ್‌ಗೆ ನಿಜಾಮರ ರೈಲು ಓಡತೊಡಗಿತು. ರೈಲು ಬಂದ ಮೇಲೆ ಈ ಹಾಸುಗಲ್ಲು, ಅಂದರೆ ಶಹಾಬಾದ್ ಪರಸಿ, ದೂರದ ಪಟ್ಟಣಗಳ ನೆಲಕ್ಕೂ ಹೋಯಿತು. ಮಣ್ಣಿನ ನೆಲ ಉಚ್ಚೆಯನ್ನು ಹೀರಿಕೊಳ್ಳುತ್ತದೆ, ಮತ್ತೆ ಸಗಣಿ ಹಾಕಿ ಸಾರಿಸಬೇಕು. ಪರಸಿಯ ಮೇಲೆ ಒಂದು ಕೊಡ ನೀರು ಸುರಿದು ಕಸಬಾರಿಗೆ ಆಡಿಸಿದರೆ ತೀರಿತು. ಹೊರಸಿನ ಮೇಲೆ ಮಲಗಿಸಿದರೆ ಹಗ್ಗದ ನೇಯ್ಗೆಯ ಸಂದಿನಿಂದ ಒದ್ದೆ ಕೆಳಗೆ ಇಳಿದುಹೋಗುತ್ತಿತ್ತು. ಕೂಸಿಗಂತೂ ಹಳೆ ಸೀರೆಯ ಜೋಳಿಗೆ ಮತ್ತು ಬೇಗನೆ ಒಣಗುವ ಅರಿವೆ ತುಂಡುಗಳು ಸಾಕಿದ್ದವು.

ಹೀಗೆ ಕೂಸಿನ ಒದ್ದೆಗೆ ಈ ಸೀಮೆಯ ಮನೆಗಳಲ್ಲಿ ಸಕಲ ಏರ್ಪಾಡೂ ಇತ್ತು, ಸಿಟ್ಟಿಗೆ ಜಾಗ ಇರಲಿಲ್ಲ. ಅದೇ ಕೂಸು ಆರು ತುಂಬಿ ಏಳಕ್ಕೆ ಬಿದ್ದು, ಪಾಟಿಚೀಲ ಹಾಕಿಕೊಂಡು ಸಾಲಿಗೆ ಹೊರಟ ಮೇಲೂ ಬೆಳಗ್ಗೆ ಕೌದಿ ಒದ್ದೆಯಾಗಿದ್ದರೆ ಮಾತು ಬದಲಾಗುತ್ತಿತ್ತು. ಬಿಸಿಲಿಗೆ ಹರವಿದ ಕೌದಿಯನ್ನು ಓಣಿಯೆಲ್ಲ ನೋಡುತ್ತದೆ. ಓರಗೆಯ ಹುಡುಗರು ಹೆಸರಿಡುತ್ತಾರೆ. ಮದುವೆ, ಜಾತ್ರೆಗೆಂದು ಬೀಗರ ಊರಿಗೆ ಕರೆದುಕೊಂಡು ಹೋಗಲು ತಾಯಿ ಹಿಂಜರಿಯುತ್ತಾಳೆ. ಬೈಗುಳ, ಏಟು, ‘ಬರಿ ಕೊಡ್ತೀನಿ ನೋಡು’ ಎಂಬ ಬೆದರಿಕೆ ಇವೆಲ್ಲ ಆ ವಯಸ್ಸಿನಲ್ಲೇ ಶುರು. ಮಗು ಬೇಕೆಂದೇ ಮಾಡುತ್ತದೆ, ಇಲ್ಲವೇ ಸೋಮಾರಿತನದಿಂದ ಮಾಡುತ್ತದೆ ಎಂಬ ನಂಬಿಕೆ ಈ ಸಿಟ್ಟಿನ ಬೇರು. ನಿದ್ದೆಯಲ್ಲಿರುವವರು ಏನನ್ನೂ ಬೇಕೆಂದು ಮಾಡಲಾರರು ಎಂಬ ಸರಳ ಸತ್ಯ ತಿಳಿಯಲು ಜಗತ್ತಿಗೆ ಬಹಳ ಕಾಲ ಹಿಡಿಯಿತು.

ಮನೆಮದ್ದುಗಳಿಗೂ ಕೊರತೆ ಇರಲಿಲ್ಲ. ಕರಿ ಎಳ್ಳು ಬೆಲ್ಲ ಕುಟ್ಟಿ ಮಾಡಿದ ಉಂಡೆ, ಹೊತ್ತು ಮುಳುಗಿದ ಮೇಲೆ ನೀರು ಬಂದ್, ಕೊರಳಿಗೋ ತೋಳಿಗೋ ತಾಯತ, ದರ್ಗಾಕ್ಕೂ ಗುಡಿಗೂ ಹರಕೆ. ಎಲ್ಲಕ್ಕಿಂತ ಹೆಚ್ಚು ಮನೆಗಳಲ್ಲಿ ನಡೆದದ್ದು ಆಯಿಯ ಪಹರೆ. ನಡುರಾತ್ರಿ ತನಗೆ ಎಚ್ಚರಾದಾಗ ಆಕೆ ಮೊಮ್ಮಗನ ಭುಜ ಅಲುಗಿಸಿ, ‘ಏಳಪ್ಪಾ, ಏಳ್, ಒಂದಕ್ಕ ಹೋಗಿ ಬಂದು ಮಲ್ಕೋ’ ಎಂದು ಅಂಗಳಕ್ಕೆ ನಡೆಸುತ್ತಿದ್ದಳು. ಹುಡುಗ ಅರೆನಿದ್ದೆಯಲ್ಲೇ ಹೋಗಿ ಬಂದು ಮಲಗಿದರೆ, ಬೆಳಗ್ಗೆ ಕೇಳಿದಾಗ ಎದ್ದದ್ದೇ ನೆನಪಿರುತ್ತಿರಲಿಲ್ಲ. ಈ ಪಹರೆಗೆ ಮತ್ತೆ ಬರಬೇಕಾಗುತ್ತದೆ, ಏಕೆಂದರೆ ಆಮೇಲೆ ಬಂದ, ಹಾಸಿಗೆ ಒದ್ದೆಯಾದರೆ ಬಾರಿಸುವ ಗಂಟೆಯ ಯಂತ್ರಕ್ಕೂ ಅದಕ್ಕೂ ಇರುವ ಅಂತರ ಕೂದಲೆಳೆಯಷ್ಟು, ಫಲದಲ್ಲಿ ಇರುವ ಅಂತರ ದೊಡ್ಡದು.

ವೈದ್ಯರ ಗ್ರಂಥಗಳಿಗೆ ಈ ತೊಂದರೆ ಹೊಸದಲ್ಲ. ಆಯುರ್ವೇದದ ಶಾರ್ಙ್ಗಧರ ಸಂಹಿತೆ ಮಕ್ಕಳ ಕಾಯಿಲೆಗಳ ಪಟ್ಟಿಯಲ್ಲಿ ‘ಶಯ್ಯಾಮೂತ್ರ’ವನ್ನು ಹೆಸರಿಸಿತು. 1948ರವರೆಗೂ ಈ ಭಾಗ ಹೈದರಾಬಾದ್ ಸಂಸ್ಥಾನದಲ್ಲಿದ್ದುದರಿಂದ ಯುನಾನಿ ಹಕೀಮರ ಪರಂಪರೆಯೂ ಇಲ್ಲಿ ಗಟ್ಟಿಯಾಗಿತ್ತು. ಚಾರ್‌ಮಿನಾರ್ ಪಕ್ಕದ ನಿಜಾಮಿಯಾ ಯುನಾನಿ ಆಸ್ಪತ್ರೆಗೆ ಸೇಡಂ, ಚಿತ್ತಾಪುರದವರಿಗೆ ನೇರ ರೈಲಿತ್ತು. ಹಕೀಮರು ಇದನ್ನು ‘ಬೌಲ್ ಫಿಲ್ ಫಿರಾಶ್’ ಎಂದು ಗುರುತಿಸಿ, ಮೂತ್ರಕೋಶದ ತಂಪು ಮತ್ತು ಸಡಿಲವೇ ಕಾರಣವೆಂದು ‘ಮಾಜೂನ್ ಮಾಸಿಕುಲ್ ಬೌಲ್’ನಂಥ ಲೇಹ್ಯ ಕೊಡುತ್ತಿದ್ದರು. ಆಯುರ್ವೇದ, ಯುನಾನಿ ಎರಡೂ ಪರಂಪರೆಗಳ ಒಂದು ಗುಣವನ್ನು ಎತ್ತಿ ಹೇಳಬೇಕು: ಇದನ್ನು ಅವು ಕಾಯಿಲೆ ಎಂದು ಕಂಡವು, ಅಪರಾಧವೆಂದಲ್ಲ.

ದೇಶದ ಹೊರಗಿನ ದಾಖಲೆ ಇದಕ್ಕಿಂತ ಹಳೆಯದು. ಕ್ರಿ.ಪೂ. 1550ರ ಸುಮಾರಿನ ಈಜಿಪ್ಟಿನ ಎಬರ್ಸ್ ಪಪೈರಸ್‌ನಲ್ಲಿ ಮಕ್ಕಳ ಮೂತ್ರ ನಿಲ್ಲದಿರುವುದಕ್ಕೆ ಮದ್ದಿದೆ. ರೋಮಿನ ಪ್ಲಿನಿ ಬೇಯಿಸಿದ ಇಲಿಯನ್ನು ಮಗುವಿನ ಊಟದಲ್ಲಿ ಕೊಡಿ ಎಂದ. 1472ರಲ್ಲಿ ಪಾದುವಾದಲ್ಲಿ ಅಚ್ಚಾದ ಬಾಗೆಲ್ಲಾರ್ದೋನ ಪುಸ್ತಕ ಮಕ್ಕಳ ವೈದ್ಯದ ಮೊದಲ ಮುದ್ರಿತ ಕೃತಿ. ಅದರಲ್ಲೂ ಹಾಸಿಗೆಯ ಒದ್ದೆಗೆ ಒಂದು ಭಾಗ ಮೀಸಲು. ಹದಿನಾರನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ಥಾಮಸ್ ಫೇಯರ್ ಹುಂಜದ ಗಂಟಲನಾಳದ ಪುಡಿ ಕೊಡಲು ಬರೆದ. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಬೆಲ್ಲಡೊನ್ನಾ ಎಂಬ ವಿಷಗಿಡದ ಸಾರ, ಬೆನ್ನ ಕೆಳಗೆ ಬೊಕ್ಕೆ ಏಳಿಸುವ ಲೇಪ, ವಿದ್ಯುತ್ ಮುಟ್ಟಿಸುವುದು ಎಲ್ಲ ಬಂದವು. ಕೊರಿಯಾದಲ್ಲಿ ಹಾಸಿಗೆ ಒದ್ದೆ ಮಾಡಿದ ಮಗುವಿನ ತಲೆಯ ಮೇಲೆ ಮೊರ ಕವುಚಿ, ಉಪ್ಪು ಬೇಡಿ ತರಲು ನೆರೆಮನೆಗೆ ಅಟ್ಟುತ್ತಿದ್ದರು. ಮಗುವಿಗೆ ನಾಚಿಕೆಯಾದರೆ ರೋಗ ಬಿಡುತ್ತದೆ ಎಂಬ ಲೆಕ್ಕ ಅದು. ಮೂರೂವರೆ ಸಾವಿರ ವರ್ಷಗಳ ಈ ಪಟ್ಟಿಯಲ್ಲಿ ಗಂಟೆಯ ಪೂರ್ವಜನೆನ್ನಬಹುದಾದದ್ದು ಒಂದೇ. ನೈಜೀರಿಯಾದ ಉತ್ತರ ಭಾಗದಲ್ಲಿ ಮಗುವಿನ ಮೈಗೆ ಕಪ್ಪೆ ಕಟ್ಟಿ ಮಲಗಿಸುವ ರೂಢಿಯಿತ್ತೆಂದು ವೈದ್ಯಕೀಯ ಇತಿಹಾಸದಲ್ಲಿ ದಾಖಲಾಗಿದೆ. ಉಚ್ಚೆ ತಾಗಿದರೆ ಕಪ್ಪೆ ವಟಗುಟ್ಟುತ್ತದೆ, ಮಗು ಏಳುತ್ತದೆ.

ಯಂತ್ರದ ಕಥೆ 1904ರಲ್ಲಿ ಶುರುವಾಗುತ್ತದೆ. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಮಕ್ಕಳ ವೈದ್ಯರಾಗಿದ್ದ ಮೈನ್‌ಹಾರ್ಡ್ ಫಾನ್ ಫೌಂಡ್ಲರ್ ಅವರು ಹಾಸಿಗೆ ಒದ್ದೆಯಾದೊಡನೆ ತಾನೇ ಗಂಟೆ ಬಾರಿಸುವ ಸಾಧನವೊಂದನ್ನು ಆ ವರ್ಷ ಮಕ್ಕಳ ವೈದ್ಯರ ಸಭೆಯ ಮುಂದಿಟ್ಟರು. ಮಕ್ಕಳಿಗೆ ಚಿಕಿತ್ಸೆ ಕೊಡುವ ಉದ್ದೇಶ ಅದಕ್ಕಿರಲಿಲ್ಲ. ವಾರ್ಡಿನಲ್ಲಿ ಮಗು ಒದ್ದೆಯಲ್ಲೇ ಬಿದ್ದಿರಬಾರದು, ನರ್ಸ್ ಕೂಡಲೇ ಬಂದು ಬಟ್ಟೆ ಬದಲಿಸಬೇಕು, ಅದಕ್ಕೊಂದು ಕರೆಗಂಟೆ, ಅಷ್ಟೆ. ಕೆಲವು ವಾರ ಕಳೆದಾಗ ಯಾರೂ ನಿರೀಕ್ಷಿಸದ್ದು ಕಂಡಿತು: ಗಂಟೆ ಬಾರಿಸಿಕೊಂಡ ಮಕ್ಕಳಲ್ಲಿ ಒದ್ದೆಯೇ ಕಡಿಮೆಯಾಗತೊಡಗಿತ್ತು. ನರ್ಸನ್ನು ಕರೆಯಲು ಇಟ್ಟ ಗಂಟೆ ಮಗುವಿನೊಳಗೆ ಏನನ್ನೋ ಎಬ್ಬಿಸಿತ್ತು.

ಈ ಕಾಣ್ಕೆ ಮೂರು ದಶಕ ಹೆಚ್ಚುಕಡಿಮೆ ಮೂಲೆಯಲ್ಲೇ ಉಳಿಯಿತು. ಅದನ್ನು ಎತ್ತಿ ಚಿಕಿತ್ಸೆಯಾಗಿ ಕಟ್ಟಿದವರು ಅಮೆರಿಕದ ಮನೋವಿಜ್ಞಾನಿ ದಂಪತಿ, ಹೋಬಾರ್ಟ್ ಮೌರರ್ ಮತ್ತು ವಿಲ್ಲಿ ಮೇ ಮೌರರ್. ನ್ಯೂ ಹೇವನ್ ನಗರದ ಮಕ್ಕಳ ನಿಲಯವೊಂದರಲ್ಲಿ ಅವರು ಅಲ್ಲೇ ವಾಸವಿದ್ದು ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ವಾರ್ಡನ್ ದಂಪತಿ. ದಿನ ಬೆಳಗಾದರೆ ಒದ್ದೆ ಹಾಸಿಗೆಗಳ ರಾಶಿ ಕಂಡವರು ಅವರು. 1938ರಲ್ಲಿ ಅವರು ಪ್ರಕಟಿಸಿದ ಲೇಖನ ಈ ಕ್ಷೇತ್ರದ ಅಡಿಗಲ್ಲು. ಅವರ ಸಾಧನದ ರಚನೆಯನ್ನು ಕೌದಿ ಬಲ್ಲವರು ತಟ್ಟನೆ ಹಿಡಿಯಬಲ್ಲರು. ದಪ್ಪ ಹತ್ತಿಬಟ್ಟೆಯ ಪದರ, ಅದರ ಮೇಲೂ ಕೆಳಗೂ ಸಣ್ಣ ಕಣ್ಣಿನ ಲೋಹದ ಜಾಳಿಗೆ, ಎಲ್ಲವನ್ನೂ ಸೇರಿಸಿ ಹೊಲಿದ ಚಾಪೆ. ಜಾಳಿಗೆಗಳಿಂದ ಹೊರಟ ತಂತಿಗಳು ಬ್ಯಾಟರಿಗೆ, ಗಂಟೆಗೆ. ಬಟ್ಟೆ ಒಣಗಿರುವಷ್ಟು ಹೊತ್ತು ಎರಡು ಜಾಳಿಗೆಗಳ ನಡುವೆ ವಿದ್ಯುತ್ ಹಾಯದು. ಉಚ್ಚೆಯಲ್ಲಿ ಉಪ್ಪಿದೆ, ಅದು ಬಟ್ಟೆಯನ್ನು ದಾಟಿದ ಕ್ಷಣ ಸರ್ಕೀಟು ಕೂಡಿ ಗಂಟೆ ಬಡಿದುಕೊಳ್ಳುತ್ತದೆ. ಮಗು ಎದ್ದು ಗಂಟೆ ನಿಲ್ಲಿಸಿ, ಪಾಯಖಾನೆಗೆ ಹೋಗಿ ಬಂದು, ಹಾಸಿಗೆ ಸರಿ ಮಾಡಿಕೊಂಡು ಮಲಗಬೇಕು.

ಮೂರರಿಂದ ಹದಿಮೂರು ವರ್ಷದ 30 ಮಕ್ಕಳ ಮೇಲೆ ಅವರು ಇದನ್ನು ಪ್ರಯೋಗಿಸಿದರು. ಸತತ ಏಳು ರಾತ್ರಿ ಒಣಗಿದ್ದರೆ ಮಲಗುವ ಮುನ್ನ ಒಂದೆರಡು ಲೋಟ ನೀರು ಹೆಚ್ಚು ಕುಡಿಸಿ ಮತ್ತೆ ಏಳು ರಾತ್ರಿ ನೋಡುತ್ತಿದ್ದರು. 30 ಮಕ್ಕಳೂ ಹೆಚ್ಚೆಂದರೆ ಎರಡು ತಿಂಗಳಲ್ಲಿ ಒಣಗಿದ ಹಾಸಿಗೆಯಲ್ಲಿ ಏಳತೊಡಗಿದರು. ಅಷ್ಟು ಪೂರ್ಣವಾದ ಫಲ ಆಮೇಲಿನ ಯಾವ ದೊಡ್ಡ ಅಧ್ಯಯನದಲ್ಲೂ ಬಂದಿಲ್ಲ. ಈಗಿನ ಒಟ್ಟು ಲೆಕ್ಕ, ಗಂಟೆ ಬಳಸಿದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಒಣಗುತ್ತಾರೆ, ಬಳಕೆ ನಿಲ್ಲಿಸಿದ ಮೇಲೆ ಕೆಲವರು ಮತ್ತೆ ಒದ್ದೆ ಮಾಡಿಕೊಳ್ಳುತ್ತಾರೆ. ಆದರೂ ಮೂರೂವರೆ ಸಾವಿರ ವರ್ಷಗಳ ಮದ್ದುಗಳ ಪಕ್ಕದಲ್ಲಿ ಇಟ್ಟು ನೋಡಿದರೆ ಅದು ಸಣ್ಣ ಸಾಧನೆಯಲ್ಲ.

ಗಂಟೆಯ ಹಾದಿ ಸುಗಮವಾಗಿಯೇನೂ ಇರಲಿಲ್ಲ. ಫ್ರಾಯ್ಡ್ ಅನುಯಾಯಿಗಳು ಹಾಸಿಗೆಯ ಒದ್ದೆಯನ್ನು ಮನಸ್ಸಿನ ಒಳಗುದಿಯ ಲಕ್ಷಣವೆಂದು ಓದುತ್ತಿದ್ದ ಕಾಲ ಅದು. ಲಕ್ಷಣವನ್ನು ಗಂಟೆಯಿಂದ ಅದುಮಿದರೆ ಆ ಕುದಿ ಇನ್ನೊಂದು ರೂಪದಲ್ಲಿ ಹೊರಬರುತ್ತದೆ ಎಂದು ಅವರು ಎಚ್ಚರಿಸಿದರು. 1969ರಲ್ಲಿ ಮನೋವಿಜ್ಞಾನಿ ಬ್ರೂಸ್ ಬೇಕರ್ ಇದನ್ನೇ ಪರೀಕ್ಷೆಗೆ ಒಡ್ಡಿದರು. ಒಣಗಿದ ಮಕ್ಕಳಲ್ಲಿ ಹೊಸ ತೊಂದರೆ ಏಳಲಿಲ್ಲ. ಬದಲಿಗೆ ಅವರು ಮೊದಲಿಗಿಂತ ಗೆಲುವಾಗಿದ್ದರು. ನಾಚಿಕೆ ಕಳೆದ ಮಗು ಗೆಲುವಾಗುವುದರಲ್ಲಿ ಆಶ್ಚರ್ಯವೇನಿದೆ? ಸಾಧನದಲ್ಲೂ ದೋಷಗಳಿದ್ದವು. ಗಂಟೆಗೂ ಏಳದ ಮಗು ಒದ್ದೆ ಚಾಪೆಯ ಮೇಲೆಯೇ ಉಳಿದಾಗ, ಹರಿಯುತ್ತಿದ್ದ ವಿದ್ಯುತ್ತಿನಿಂದ ಚರ್ಮದಲ್ಲಿ ಹುಣ್ಣಾದ ಪ್ರಸಂಗಗಳನ್ನು ಬ್ರಿಟನ್ನಿನ ವೈದ್ಯರು 1966ರಲ್ಲಿ ವರದಿ ಮಾಡಿದರು. ಮುಂದಿನ ಸಾಧನಗಳಲ್ಲಿ ವಿದ್ಯುತ್ತನ್ನು ಬಹಳ ತಗ್ಗಿಸಲಾಯಿತು. ಆಮೇಲೆ ಚಾಪೆಯೇ ಬೇಡವಾಯಿತು. ಚಡ್ಡಿಗೆ ಸಿಕ್ಕಿಸುವ ಗುಂಡಿಯಷ್ಟು ಸಂವೇದಕ, ಭುಜಕ್ಕೆ ಅಂಟಿಸುವ ಸಣ್ಣ ಡಬ್ಬಿ, ಒಳಗೆ ಗಡಿಯಾರದ ಸೆಲ್. ಇಂದು ಔಷಧದ ಅಂಗಡಿಯವರು ತರಿಸಿಕೊಡುವುದು, ಆನ್‌ಲೈನ್‌ನಲ್ಲಿ ಸಿಗುವುದು ಇದೇ. ಕರೆಂಟ್ ಹೋದರೂ ಅದಕ್ಕೆ ಅಡ್ಡಿಯಿಲ್ಲ.

ಗಂಟೆ ಏನು ಮಾಡುತ್ತದೆ ಎಂಬುದು ಇನ್ನೂ ಕುತೂಹಲದ ವಿಷಯ. ಪಾವ್ಲೋವನ ನಾಯಿಯ ಪಾಠದಂತೆ, ಮೂತ್ರಕೋಶ ತುಂಬಿದ ಅನುಭವಕ್ಕೂ ಎಚ್ಚರಕ್ಕೂ ಗಂಟೆ ಬೆಸುಗೆ ಹಾಕುತ್ತದೆ ಎಂದು ಮೌರರ್ ದಂಪತಿ ಭಾವಿಸಿದ್ದರು. ಆದರೆ ವಾಸಿಯಾದ ಮಕ್ಕಳಲ್ಲಿ ಬಹಳಷ್ಟು ಮಂದಿ ರಾತ್ರಿ ಏಳುವುದೇ ಇಲ್ಲ, ಬೆಳಗಿನವರೆಗೂ ಮಲಗಿಯೇ ಒಣಗಿರುತ್ತಾರೆ. ರಾತ್ರಿ ಮೂತ್ರಕೋಶ ಹಿಡಿಯುವ ಪ್ರಮಾಣ ಗಂಟೆಯ ಬಳಕೆಯಿಂದ ಹೆಚ್ಚುತ್ತದೆ ಎಂದು 1990ರ ದಶಕದ ಅಧ್ಯಯನಗಳು ತೋರಿಸಿದವು. ಇನ್ನೊಂದು ಕಡೆಯಿಂದ ಡೆನ್ಮಾರ್ಕಿನ ಆರ್ಹೂಸ್‌ನ ವೈದ್ಯರು ಮೂತ್ರದ ಪ್ರಮಾಣವನ್ನೇ ಅಳೆದರು. ಸಾಮಾನ್ಯವಾಗಿ ರಾತ್ರಿ ಮಿದುಳಿನಿಂದ ಒಸರುವ ವಾಸೊಪ್ರೆಸಿನ್ ಎಂಬ ಹಾರ್ಮೋನು ಏರಿ ಮೂತ್ರಪಿಂಡದಲ್ಲಿ ಮೂತ್ರದ ಉತ್ಪತ್ತಿಯನ್ನು ತಗ್ಗಿಸುತ್ತದೆ. ಹಾಸಿಗೆ ಒದ್ದೆ ಮಾಡುವ ಕೆಲವು ಮಕ್ಕಳಲ್ಲಿ ಈ ಏರಿಕೆ ಆಗುವುದಿಲ್ಲ, ರಾತ್ರಿಯೂ ಹಗಲಿನಂತೆಯೇ ಮೂತ್ರ ತುಂಬುತ್ತದೆ. 1967ರಲ್ಲಿ ಪ್ರಾಗ್‌ನಲ್ಲಿ ತಯಾರಾದ ಡೆಸ್ಮೊಪ್ರೆಸಿನ್ ಔಷಧ ಈ ಕೊರತೆಯನ್ನೇ ತುಂಬುತ್ತದೆ. ಅದನ್ನು ತಕ್ಕೊಂಡ ಮೇಲೆ ನೀರು ಹೆಚ್ಚು ಕುಡಿದರೆ ರಕ್ತದ ಸೋಡಿಯಂ ಅಪಾಯಕಾರಿಯಾಗಿ ಇಳಿಯಬಹುದು, ಆದ್ದರಿಂದ ವೈದ್ಯರ ಕಣ್ಗಾವಲು ಬೇಕೇ ಬೇಕು.

ಮೂರನೆಯ ಎಳೆ ನಿದ್ದೆಯದು, ಮತ್ತು ಅದಕ್ಕೆ ವಾಡಿಗಿಂತ ಒಳ್ಳೆಯ ಉದಾಹರಣೆ ಸಿಗದು. ಮುಂಬೈ–ಚೆನ್ನೈ ಹಳಿಗೂ ಹೈದರಾಬಾದ್ ಹಳಿಗೂ ಕೂಡುದಾಣವಾದ ವಾಡಿಯಲ್ಲಿ ರಾತ್ರಿಯಿಡೀ ಗೂಡ್ಸ್ ಗಾಡಿಗಳು, ಎಕ್ಸ್‌ಪ್ರೆಸ್‌ಗಳು ಸೀಟಿ ಹೊಡೆಯುತ್ತವೆ. 1968ರಿಂದ ಎಸಿಸಿ ಸಿಮೆಂಟ್ ಕಾರ್ಖಾನೆಯ ಸದ್ದೂ ಜೊತೆಗೂಡಿದೆ. ಹಳಿಯ ಪಕ್ಕದ ಮನೆಯ ಮಕ್ಕಳು ಇದಾವುದಕ್ಕೂ ಕಣ್ಣು ಬಿಡುವುದಿಲ್ಲ. ಅಂಥ ಮಗುವಿನ ಭುಜದ ಮೇಲೆ ಕೀಚಲು ಡಬ್ಬಿ ಕಟ್ಟಿದರೆ ಅದು ಎದ್ದೀತೇ? ಮೊದಲ ವಾರಗಳಲ್ಲಿ ಬಹುಪಾಲು ಮಕ್ಕಳು ಏಳುವುದಿಲ್ಲ. ಮನೆಯವರೆಲ್ಲ ಏಳುತ್ತಾರೆ, ಮಗು ಮಾತ್ರ ಮಲಗಿರುತ್ತದೆ. ‘ಇದು ಕೆಲ್ಸಕ್ಕ ಬರಲ್ಲ’ ಎಂದು ಡಬ್ಬಿಯನ್ನು ಅಟ್ಟದ ಮೇಲೆ ಎಸೆಯುವುದು ಈ ಹಂತದಲ್ಲೇ.

ಗಂಟೆಯ ಚರಿತ್ರೆಯನ್ನು ಗಮನವಿಟ್ಟು ಓದಿದವರು ಹಾಗೆ ಎಸೆಯಲಾರರು. ಗ್ರಾಜ್‌ನಲ್ಲಿ ಗಂಟೆಗೆ ಎದ್ದು ಬಂದದ್ದು ನರ್ಸ್. ನ್ಯೂ ಹೇವನ್‌ನಲ್ಲಿ ಮಕ್ಕಳ ಸೂರಿನಡಿಯಲ್ಲೇ ಮಲಗುತ್ತಿದ್ದ ದಂಪತಿಯಿದ್ದರು. ಎರಡೂ ಕಡೆ ಪಕ್ಕದಲ್ಲಿ ಏಳುವ ದೊಡ್ಡವರೊಬ್ಬರು ಇದ್ದೇ ಇದ್ದರು. ಈಗ ಅದು ಡಬ್ಬಿಯಲ್ಲಿ ಒಂಟಿಯಾಗಿ ಬರುತ್ತದೆ. ಇಲ್ಲಿಯೇ ಕಲಬುರಗಿ ಸೀಮೆಯ ಆಯಿಯ ಪಹರೆ ನೆನಪಾಗಬೇಕು. ಆಕೆ ತನಗೆ ಎಚ್ಚರಾದ ಹೊತ್ತಿಗೆ ಮೊಮ್ಮಗನನ್ನು ಎಬ್ಬಿಸುತ್ತಿದ್ದಳು, ಅವನ ಮೂತ್ರಕೋಶದ ಹೊತ್ತಿಗಲ್ಲ. ಆ ರಾತ್ರಿಯ ಕೌದಿ ಉಳಿಯುತ್ತಿತ್ತು, ಮಗು ಏನನ್ನೂ ಕಲಿಯುತ್ತಿರಲಿಲ್ಲ. ಗೊತ್ತಾದ ವೇಳೆಗೆ ಎಬ್ಬಿಸುವುದರಿಂದ ಶಾಶ್ವತ ಒಣಗುವಿಕೆ ಬಾರದು ಎಂದು ಬ್ರಿಟನ್ನಿನ ನೈಸ್ ಸಂಸ್ಥೆಯ 2010ರ ಮಾರ್ಗಸೂಚಿಯೂ ಹೇಳಿದೆ. ಗಂಟೆ ಕೊಡುವುದು ಆ ಸರಿಯಾದ ಕ್ಷಣವನ್ನು. ಎಬ್ಬಿಸುವ ಕೈ ಆಯಿಯದೇ ಆಗಬಹುದು. ಹೆಸರು ಹಿಡಿದು ಕರೆದು, ಪೂರ್ತಿ ಕಣ್ಣು ಬಿಡಿಸಿ, ಮಗುವೇ ಗಂಟೆ ನಿಲ್ಲಿಸುವಂತೆ ಮಾಡಿ, ಬಚ್ಚಲಿಗೆ ನಡೆಸಿದರೆ ಕೆಲವು ವಾರಗಳಲ್ಲಿ ಎಚ್ಚರ ಮಗುವಿನದೇ ಆಗತೊಡಗುತ್ತದೆ. ಅಪ್ಪ ಸಿಮೆಂಟ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯಲ್ಲಿದ್ದು, ಅವ್ವ ಬೆಳಗ್ಗೆ ತೊಗರಿ ಹೊಲಕ್ಕೆ ಹೋಗಬೇಕಿರುವ ಮನೆಯಲ್ಲಿ ಇದು ಸುಲಭದ ಮಾತಲ್ಲ. ಆದ್ದರಿಂದಲೇ ಹೊಲದ ಕೆಲಸ ತಗ್ಗಿದ ದಿನಗಳನ್ನೋ, ಸಾಲಿಗೆ ಸೂಟಿ ಬಿಟ್ಟ ದಿನಗಳನ್ನೋ ನೋಡಿ ಶುರು ಮಾಡುವುದು ಜಾಣತನ.

ಈ ತೊಂದರೆ ಎಷ್ಟು ಸಾಮಾನ್ಯ ಎಂಬುದನ್ನು ಓಣಿಯ ಬಾಯಿಗಳಿಗೆ ತಿಳಿಸುವುದು ಗಂಟೆಯಷ್ಟೇ ಮುಖ್ಯ. ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 15, ಏಳರಲ್ಲಿ 10ರ ಆಸುಪಾಸು, ಹದಿನೈದರಲ್ಲಿ ಒಂದೆರಡು ಎಂದು ಹಲವು ದೇಶಗಳ ಅಧ್ಯಯನಗಳು ಅಂದಾಜು ಮಾಡಿವೆ. ಅಂದರೆ ಸೇಡಂನ ಯಾವುದೇ ಸಾಲಿಯ ಎರಡನೆಯ ಇಯತ್ತೆಯ 30 ಮಕ್ಕಳಲ್ಲಿ ಎರಡು ಮೂರು ಮಕ್ಕಳ ಮನೆಯಲ್ಲಿ ಈ ಒದ್ದೆ ಇರುವ ಸಂಭವವಿದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು. ಏನೂ ಮಾಡದಿದ್ದರೂ ಪ್ರತಿ ವರ್ಷ ನೂರಕ್ಕೆ 15ರಷ್ಟು ಮಕ್ಕಳು ತಾವಾಗಿಯೇ ಒಣಗುತ್ತಾರೆ. ತಾಯತಕ್ಕೂ ಲೇಹ್ಯಕ್ಕೂ ಬಂದ ಕೀರ್ತಿಯಲ್ಲಿ ಒಂದು ಪಾಲು ಇದರದು. ತಂದೆಗೋ ತಾಯಿಗೋ ಬಾಲ್ಯದಲ್ಲಿ ಇದಿದ್ದರೆ ಮಗುವಿಗೂ ಬರುವ ಸಂಭವ ಹೆಚ್ಚು. 1995ರಲ್ಲಿ ಡೆನ್ಮಾರ್ಕಿನ ಹಾನ್ಸ್ ಐಬೆರ್ಗ್ ತಂಡ ಹದಿಮೂರನೆಯ ವರ್ಣತಂತುವಿನಲ್ಲಿ ಅದರ ಜಾಡನ್ನೂ ಗುರುತಿಸಿತು. ಬೈಯುವ ಅಪ್ಪನೇ ಒಂದು ಕಾಲಕ್ಕೆ ಬೈಸಿಕೊಂಡವನಾಗಿರುವುದು ಹೀಗೆ. ಆತ ಅದನ್ನು ಮಗನ ಮುಂದೆ ಒಮ್ಮೆ ಹೇಳಿಕೊಂಡರೆ ಮನೆಯಲ್ಲಿ ಅರ್ಧ ಭಾರ ಇಳಿಯುತ್ತದೆ.

ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಎಂ.ಆರ್. ವೈದ್ಯಕೀಯ ಕಾಲೇಜು 1963ರಲ್ಲಿ ಶುರುವಾಯಿತು. ಆಮೇಲೆ ಇಎಸ್‌ಐ ಮತ್ತು ಸರ್ಕಾರಿ ವೈದ್ಯಕೀಯ ಕಾಲೇಜುಗಳೂ ಬಂದವು. ಮಕ್ಕಳ ವೈದ್ಯರಿಗಾಗಿ ಹೈದರಾಬಾದ್ ಗಾಡಿ ಹತ್ತಬೇಕಾದ ಕಾಲ ಹೋಯಿತು. ಆದರೂ ರೈಲಿಲ್ಲದ ಚಿಂಚೋಳಿಯ ತಾಂಡಾದಿಂದ ಒಬ್ಬ ತಾಯಿ ಮಗುವನ್ನು ಕರಕೊಂಡು, ‘ಹಾಸಿಗ್ಯಾಗ ಉಚ್ಚಿ ಹೊಯ್ಕೊಂತದ ರೀ’ ಎಂಬ ಒಂದು ಮಾತಿಗಾಗಿ ಬಸ್ಸು ಹತ್ತುವುದು ಅಪರೂಪ. ಅಂಗನವಾಡಿ, ಸಾಲಿಗಳಿಗೆ ವೈದ್ಯರ ತಂಡವನ್ನೇ ಕಳಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಬಂತು. ಅದು ಹುಡುಕುವ ತೊಂದರೆಗಳ ಪಟ್ಟಿಯಲ್ಲಿ ಹಾಸಿಗೆಯ ಒದ್ದೆ ಇಲ್ಲ. ಹೃದಯದ ತೂತು, ಸೀಳುತುಟಿಗಳ ಜೊತೆ ಇದನ್ನು ಸೇರಿಸಬೇಕೆಂದು ಯಾರೂ ಹೇಳರು. ಆದರೆ ಬಂದ ವೈದ್ಯರು ತಾಯಿಯನ್ನು ಪಕ್ಕಕ್ಕೆ ಕರೆದು ಒಂದು ಪ್ರಶ್ನೆ ಕೇಳಲು ಪಟ್ಟಿ ಬೇಕಿಲ್ಲ.

ಆ ಪ್ರಶ್ನೆಯ ಬೆನ್ನಿಗೆ ಬರಬೇಕಾದ ಪರೀಕ್ಷೆಗಳೂ ದುಬಾರಿಯಲ್ಲ. ಮಲಬದ್ಧತೆ ಇದೆಯೇ? ತುಂಬಿದ ದೊಡ್ಡ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಎಷ್ಟೋ ಮಕ್ಕಳು ಅದೊಂದು ಸರಿಹೋದರೆ ಒಣಗುತ್ತಾರೆ. ಹಗಲೂ ಸೋರುತ್ತದೆಯೇ, ಉರಿ ಇದೆಯೇ, ಗೊರಕೆ ಇದೆಯೇ? ವರ್ಷಗಟ್ಟಲೆ ಒಣಗಿದ್ದ ಮಗು ಇದ್ದಕ್ಕಿದ್ದಂತೆ ಒದ್ದೆ ಮಾಡತೊಡಗಿ, ವಿಪರೀತ ಬಾಯಾರಿ, ತೂಕ ಇಳಿಯುತ್ತಿದ್ದರೆ ಅಂದೇ ಸಕ್ಕರೆ ಪರೀಕ್ಷೆ ಆಗಬೇಕು. ನೀರಿನ ವಿಷಯದಲ್ಲಿ ಈ ಸೀಮೆಗೆ ತನ್ನದೇ ಕಷ್ಟವಿದೆ. ಏಪ್ರಿಲ್, ಮೇ ಬಿಸಿಲು 42 ಡಿಗ್ರಿ ದಾಟುವ ಊರುಗಳಿವು. ಸಾಲಿಯ ಪಾಯಖಾನೆ ಸರಿಯಿಲ್ಲದಿದ್ದರೆ ಮಕ್ಕಳು, ಅದರಲ್ಲೂ ಹುಡುಗಿಯರು, ಹಗಲೆಲ್ಲ ನೀರು ಕುಡಿಯದೆ ತಡೆದು ಸಂಜೆ ಮನೆಗೆ ಬಂದು ಚರಿಗೆಗಟ್ಟಲೆ ಕುಡಿಯುತ್ತಾರೆ. ಸಂಜೆಯ ನೀರು ಬಂದ್ ಮಾಡಿ ಬಾಯಾರಿಸುವ ಹಳೆಯ ಶಿಕ್ಷೆಗಿಂತ, ಬೆಳಗ್ಗೆ ಮತ್ತು ಮಧ್ಯಾಹ್ನ ಹೊಟ್ಟೆ ತುಂಬ ಕುಡಿಸುವುದು ಸರಿ. ಅದಕ್ಕೆ ಸಾಲಿಯ ಪಾಯಖಾನೆಯ ಬಾಗಿಲಿಗೆ ಚಿಲಕವೂ ಬಕೀಟಿನಲ್ಲಿ ನೀರೂ ಇರಬೇಕು.

ಗಂಟೆಯನ್ನು ಶುರು ಮಾಡಿದರೆ ಎರಡರಿಂದ ಮೂರು ತಿಂಗಳು ಒಂದೂ ರಾತ್ರಿ ಬಿಡದೆ ಕಟ್ಟಬೇಕು. ಮೊದಲು ಕಾಣುವ ಬದಲಾವಣೆ ಒಣ ಹಾಸಿಗೆಯಲ್ಲ. ಒದ್ದೆಯ ಗುರುತು ಸಣ್ಣದಾಗುತ್ತದೆ, ಗಂಟೆ ಬಾರಿಸುವ ಹೊತ್ತು ಬೆಳಗಿನ ಜಾವದ ಕಡೆ ಸರಿಯುತ್ತದೆ. ಸತತ 14 ರಾತ್ರಿ ಒಣಗಿದ್ದರೆ ಬಿಡಬಹುದು. ಮತ್ತೆ ಮರುಕಳಿಸಿದರೆ ಮತ್ತೆ ಕಟ್ಟಬೇಕು. ಮೊದಲ ಸಲ ಫಲ ಸಿಕ್ಕ ಮಕ್ಕಳಿಗೆ ಎರಡನೆಯ ಸಲವೂ ಅದನ್ನೇ ಕೊಡಲು ವೈದ್ಯರು ಹೇಳುತ್ತಾರೆ.

ಮನೆಯಲ್ಲಿರುವ ಮಗುವಿಗಿಂತ ಹೆಚ್ಚು ಕಷ್ಟ ವಸತಿ ಶಾಲೆಯ ಮಗುವಿಗೆ. ದುಡಿಯಲು ಮುಂಬೈ, ಪುಣೆ, ಹೈದರಾಬಾದ್‌ಗೆ ಗುಳೆ ಹೋಗುವವರ ಸೀಮೆಯಿದು. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, 2004ರಲ್ಲಿ ಆರಂಭವಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು, ಇಲಾಖೆಗಳ ಹಾಸ್ಟೆಲ್‌ಗಳು ಅವರ ಮಕ್ಕಳಿಗೆ ದೊಡ್ಡ ಆಸರೆ. ಹತ್ತು ಹನ್ನೊಂದರ ವಯಸ್ಸಿನಲ್ಲಿ ಅಲ್ಲಿಗೆ ಸೇರುವ ನೂರು ಮಕ್ಕಳಲ್ಲಿ ಕೆಲವರಾದರೂ ಇನ್ನೂ ರಾತ್ರಿ ಒದ್ದೆ ಮಾಡುವವರೇ. ಒಂದೇ ಕೋಣೆಯಲ್ಲಿ ಸಾಲಾಗಿ ಮಲಗುವ ಕಡೆ ಗುಟ್ಟು ಉಳಿಯುವುದಿಲ್ಲ. ಇದಕ್ಕಾಗಿಯೇ ಹಾಸ್ಟೆಲ್ ಬಿಟ್ಟು, ಹಾಸ್ಟೆಲ್ ಜೊತೆಗೆ ಓದನ್ನೂ ಬಿಡುವ ಮಗುವಿನ ಕಾರಣ ಯಾವ ರಿಜಿಸ್ಟರಿನಲ್ಲೂ ಬರೆದಿರುವುದಿಲ್ಲ. ಸದ್ದು ಮಾಡದೆ ಮೈಗೆ ಮಾತ್ರ ನಡುಕ ಮುಟ್ಟಿಸುವ ಸಾಧನಗಳು ಈಗ ಬಂದಿವೆ. ಪಕ್ಕದ ಹಾಸಿಗೆಯವರಿಗೆ ತಿಳಿಯದೆ ಬಳಸಬಹುದು. ಪ್ರತಿ ತಾಲ್ಲೂಕಿನ ವಸತಿ ಶಾಲೆಗಳ ನಡುವೆ ಅಂಥ ಕೆಲವು ಸಾಧನಗಳು, ಒಗೆದು ಒಣಗಿಸಲು ಸುಲಭವಾದ ಹಾಸಿಗೆ ಹೊದಿಕೆಗಳು, ರಾತ್ರಿ ಒಮ್ಮೆ ಎದ್ದು ಮಗುವಿನ ಹೆಸರು ಮೆಲ್ಲಗೆ ಕರೆಯಲು ಒಪ್ಪುವ ಒಬ್ಬ ವಾರ್ಡನ್: ಚಿತ್ತಾಪುರ, ಶಹಾಬಾದ್‌ನಂಥ ಊರಿಗೆ ಇದು ದೊಡ್ಡ ಖರ್ಚಲ್ಲ. ಮೌರರ್ ದಂಪತಿ 1938ಕ್ಕೂ ಮುಂಚೆ ಮಾಡಿ ತೋರಿಸಿದ್ದು ಇಂಥದೇ ನಿಲಯವೊಂದರಲ್ಲಿ, ಬಟ್ಟೆ, ಜಾಳಿಗೆ ಮತ್ತು ಒಂದು ಬ್ಯಾಟರಿಯ ನೆರವಿನಿಂದ.